ಚಾಡಿಕೋರ ಕಡ್ಲಿ, ಸಂಶಯದ ಜಂಬಣ್ಣ

ಮಾನ್ವಿಯಿಂದ ಚೀಕಲಪರ್ವಿ ಕಡಿ ಹೋಗೋ ದಾರಿಯೊಳಗ ಒಂದು ಬೇವಿನ ಗಿಡ ಅದ. ಅದರ ಬುಡಕ್ಕ ಒಬ್ಬ ಮನುಷ್ಯ ಕುಂತು, ಕಣ್ಣು ಸಣ್ಣ ಮಾಡಿ ನಿಮ್ಮನ್ನ ಮ್ಯಾಲಿಂದ ಕೆಳಗ ನೋಡಾಕತ್ತಿದ್ರ, ಅಂವ ಜಂಬಣ್ಣ ಅಂತ ತಿಳ್ಕೊಳ್ರಿ. ನೀವು ‘ಶರಣ್ರೀ’ ಅಂದ್ರ ಅಂವ ‘ಯಾಕ?’ ಅಂತಾನ. ಅದ ಅವನ ನಮಸ್ಕಾರ.

ಸಂಶಯ ಮಂದಿಗೆ ವಯಸ್ಸಾದಂಗ ಬರ್ತದ. ಜಂಬಣ್ಣಗ ಹಲ್ಲಿಗಿಂತ ಮೊದಲ ಬಂದಿತ್ತು. ತೊಟ್ಟಿಲದಾಗ ಹಾಕಿದ್ರ ಒಂದು ಕಣ್ಣು ತೆರಕೊಂಡ ನಿದ್ದಿ ಮಾಡ್ತಿದ್ದನಂತ. ದೊಡ್ಡವ ಆದ ಮ್ಯಾಲ ಮಾನ್ವಿ ಕಟಿಂಗ್ ಅಂಗಡಿಗೆ ಹೋದ್ರ ಮನಿಯಿಂದ ಕನ್ನಡಿ ಒಯ್ಯಾವ. ಅಂಗಡಿ ಕನ್ನಡಿ ಅಂಗಡಿಯವನ ಪರ ಮಾತಾಡ್ತದಂತ. ರಾಯಚೂರು ಬಸ್‌ಸ್ಟ್ಯಾಂಡಿನಾಗ ಚಾ ಕುಡಿಬೇಕಂದ್ರ ಮೊದಲು ಚಾದವಗ ಒಂದು ಗುಟುಕು ಕುಡಿ ಅಂತಾನ, ಆಮ್ಯಾಲ ಅವನ ಮಾರಿ ಒಂದು ಗಳಿಗಿ ನೋಡ್ತಾನ, ಅಷ್ಟರಾಗ ಬಸ್ಸೂ ಹೋಗಿರ್ತದ, ಚಾನೂ ಆರಿರ್ತದ. ಒಮ್ಮೆ ಅವನ ಮನ್ಯಾಗ ಒಂದು ನಾಗರಹಾವು ಹೊಕ್ಕಿತ್ತು. ಜಂಬಣ್ಣ ಅದನ್ನ ಹೊಡಿಲಿಲ್ಲ, ಬಡಿಲಿಲ್ಲ, ಸುಮ್ಮನ ನೋಡಿದ. ಆ ನೋಟಕ್ಕ ಹಾವಿಗೆ ತಾನ ಏನೋ ತಪ್ಪು ಮಾಡೀನಿ ಅನಿಸಿ, ಮೈಮ್ಯಾಲಿನ ಪೊರಿ ಅಲ್ಲೇ ಜಾಮೀನು ಇಟ್ಟು ಬಂದ ದಾರಿ ಹಿಡಿತು. ಸುಳ್ಳಂದ್ರ ಹೋಗಿ ನೋಡ್ರಿ, ಪೊರಿ ಇನ್ನೂ ತೊಲಿಗೆ ಸಿಗಿಸ್ಯಾನ. ಹಾವು ತಿರುಗಿ ಕೇಳಾಕ ಬಂದ್ರ ಕೊಡಬೇಕಲ್ಲ.

ಮದುವಿ ದೇವದುರ್ಗದಾಗ ಆತು. ತಾಳಿ ಕಟ್ಟೋಕಿಂತ ಮೊದಲು ಜಂಬಣ್ಣ ಮಾರಿ ಮುಂದ ತಂದು, ‘ನೀ ಚನ್ನಮಲ್ಲಮ್ಮ ಹೌದಿಲ್ಲೋ? ನೋಡಾಕ ಬಂದಾಗ ಇನ್ನೊಂದೀಟು ಎತ್ತರಿದ್ದಂಗಿತ್ತು’ ಅಂದ.

ಮದುಮಗಳು ತಲಿ ಎತ್ತದ, ‘ಆವತ್ತು ನಿಂತಿದ್ದೆ, ಇವತ್ತು ಕುಂತೀನಿ. ಕಟ್ಟೋದಿದ್ರ ಕಟ್ಟು, ಅಕ್ಕಿ ಹಿಡ್ಕೊಂಡು ಮಂದಿ ಕೈ ನೋಯಾಕತ್ತಾವ’ ಅಂದ್ಳು. ಆವತ್ತಿಂದ ಆ ಮನಿ ನಡಸಾಕಿ ಚನ್ನಮಲ್ಲಮ್ಮನೇ.

ಇಷ್ಟು ಸಂಶಯದ ಮನುಷ್ಯ ಲೋಕದಾಗ ಒಬ್ಬನ್ನ ಮಾತ್ರ ನಂಬಿದ್ದ. ಬಾಜು ಹೊಲದ ಗುಡುಸಾಬನ್ನ. ಯಾಕಂದ್ರ ಗುಡುಸಾಬ ಮರೆಗುಳಿ. ಮೋಸ ಮಾಡಬೇಕಂದ್ರ ನಿನ್ನೆ ಏನು ಹೇಳೀನಿ ಅಂತ ನೆನಪಿರಬೇಕು, ಗುಡುಸಾಬಗ ಮುಂಜಾನಿ ಉಂಡಿದ್ದು ಮಧ್ಯಾಹ್ನಕ್ಕ ನೆನಪಿರಂಗಿಲ್ಲ, ಇನ್ನ ಅಂವ ಯಾರಿಗೆ ಮೋಸ ಮಾಡ್ಯಾನು ಅನ್ನೋದು ಜಂಬಣ್ಣನ ಲೆಕ್ಕ. ಅದಕ್ಕ ಇಬ್ಬರೂ ಕೂಡೆತ್ತು ಮಾಡ್ಕೊಂಡಿದ್ರು. ಅಂದ್ರ ಜಂಬಣ್ಣನ ಮನ್ಯಾಗ ಒಂದ ಎತ್ತು, ಕೆಂದ. ಗುಡುಸಾಬನ ಮನ್ಯಾಗ ಒಂದ ಎತ್ತು, ಬಿಳಿಯ. ಎರಡೂ ಕೂಡಿಸಿ ನೊಗ ಹೂಡಿ, ಒಂದು ದಿನ ಇವನ ಹೊಲ, ಒಂದು ದಿನ ಅವನ ಹೊಲ. ಊರಾಗಿನ ಉಳಿದ ಮಂದಿ ಟ್ರ್ಯಾಕ್ಟರ್ ತಂದು ಎತ್ತು ಮಾರಿ ಬಾಳ ದಿನ ಆಗ್ಯದ. ಹಂಗಾಗಿ ಇವರಿಬ್ಬರು ಬಿಟ್ರ ಆ ಎರಡು ಎತ್ತಿಗೆ ಊರಾಗ ಇನ್ನೊಂದು ಜೋಡಿ ಇಲ್ಲ. ಕೆಂದ ಯಾವಾಗಲೂ ಎಡಕ್ಕ, ಬಿಳಿಯ ಬಲಕ್ಕ. ಕೆಂದ ಒಂದ ಇದ್ದಾಗ ನೀರು ಕುಡಿಯಾಕ ಬಿಟ್ರೂ ಬಾನಿಯ ಬಲಗಡಿ ಅರ್ಧ ಬಿಟ್ಟು ಕುಡಿತದ.

ಈ ಸಲ ಹಿಂಗಾರಿಗೆ ಇಬ್ಬರೂ ಕಡ್ಲಿ ಬಿತ್ತಿದ್ರು. ಎರಡು ಹೊಲದ ನಡುವ ಒಂದು ಬದು, ಒಂದು ಎತ್ತಿನ ಗಾಡಿ ದಾಟೋವಷ್ಟು ಅಗಲ. ಕಡ್ಲಿ ಗೇಣು ಎತ್ತರ ಬಂದಾಗ ದೇವದುರ್ಗದಿಂದ ಚನ್ನಮಲ್ಲಮ್ಮನ ಅಣ್ಣನ ಮಗಳು ವಿಜಯಶ್ರೀ ಬಂದ್ಳು. ಆಕಿ ರಾಯಚೂರಾಗ ಬೆಳಿ, ಹುಳ, ಹುಪ್ಪಡಿ ಬಗ್ಗಿ ಓದಾಕತ್ತಾಳ. ‘ಮಾಮಾ, ನಿಮ್ಮ ಕಡ್ಲಿ ಮ್ಯಾಲ ಒಂದು ಸಣ್ಣ ಪರೀಕ್ಷಾ ಮಾಡ್ತೀನಿ’ ಅಂದ್ಳು.

‘ಪರೀಕ್ಷಾ ನೀ ಬರಿಬೇಕು, ನನ್ನ ಕಡ್ಲಿ ಯಾಕ ಬರಿಬೇಕು?’ ಅಂದ ಜಂಬಣ್ಣ.

ಚನ್ನಮಲ್ಲಮ್ಮ ಒಳಗಿಂದ, ‘ನನ್ನ ತವರುಮನಿ ಕೂಸು ಅದು, ಹೊಲಕ್ಕ ಬಿಡದಿದ್ರ ನಾಳೆ ರೊಟ್ಟಿ ನಿನ್ನ ಕಡ್ಲಿಗಿಡ ಬಡೀತದ’ ಅಂದ್ಳು. ಬಿಟ್ಟ. ಬಿಟ್ಟು ತಾನೂ ಬೆನ್ನು ಹತ್ತಿದ.

ವಿಜಯಶ್ರೀ ಒಂದು ಗಿಡಕ್ಕ ಪಾರದರ್ಶಕ ಚೀಲ ಹಾಕಿ, ಬಾಯಿಗೆ ದಾರ ಕಟ್ಟಿ, ಅದಕ್ಕ ಒಂದು ನಳಿಗಿ, ನಳಿಗಿಗೆ ಒಂದು ಸಣ್ಣ ಮಷೀನು ಸಿಗಿಸಿದ್ಳು. ಅದು ಗುರ್ರ್ ಅಂತು. ಜಂಬಣ್ಣ ಬದುವಿನ ಮ್ಯಾಲ ಕುಕ್ಕರಗಾಲಲೆ ಕುಂತು ನೋಡಿದ.

‘ಚೀಲದಾಗ ಏನ್ ತುಂಬಾಕತ್ತಿ ಯವ್ವಾ?’

‘ವಾಸನಿ, ಮಾಮಾ.’

‘ಖಾಲಿ ಚೀಲ ಬಂತು, ಖಾಲಿ ಚೀಲ ಹೋಗ್ತದ. ನಡುವ ನನ್ನದೇನೋ ಹೋಗ್ತದ.’

ವಿಜಯಶ್ರೀ ನಕ್ಕು ತಿಳಿಸಿ ಹೇಳಿದ್ಳು. ಕಾಯಿಕೊರಕ ಹುಳ ಬಂದು ಎಲಿ ಕಚ್ಚಿದ ಕೂಡಲೆ ಗಿಡದೊಳಗ ಒಂದು ರಸ ಎದ್ದು ಮೈತುಂಬ ಓಡ್ತದ, ಅದಕ್ಕ ಹಾರ್ಮೋನು ಅಂತಾರ, ಊರಾಗ ಡಂಗುರ ಸಾರೋವಂಗ. ಆ ಡಂಗುರ ಕೇಳಿ ಉಳಿದ ಎಲಿ ಎಲ್ಲಾ ಬಾಯಿಗೆ ರುಚಿ ಆಗದಂಗ ತಯಾರಾಗ್ತಾವ. ಜೊತಿಗೆ ಎಲಿಯಿಂದ ಒಂದು ವಾಸನಿ ಹೊರಗ ಬೀಳ್ತದ. ಆ ವಾಸನಿ ಹಿಡಿದು ಸಣ್ಣ ಕಣಜ ಹುಡಕ್ಕೊಂಡು ಬಂದು ಹುಳದ ಮೈಯೊಳಗ ತತ್ತಿ ಇಡ್ತದ. ಕಣಜದ ಮರಿ ಹುಳವನ್ನ ಒಳಗಿಂದ ತಿಂತದ. ಅಷ್ಟರಾಗ ಕಾಜಾಣನೋ ಗೊರವಂಕನೋ ಬಂದು ಅದ ಹುಳವನ್ನ ಗುಳುಂ ಮಾಡಿದ್ರ ಕಣಜದ ಮರಿನೂ ಹೋತು. ಒಂದು ಹುಳದ ಮ್ಯಾಲ ಇಬ್ಬರ ಪೈಪೋಟಿ.

‘ಹಂಗಂದ್ರ ನನ್ನ ಹೊಲದಾಗ ನನ್ನ ಕೇಳದ ಇಷ್ಟು ಮಂದಿ ಉಣ್ಣಾಕತ್ತಾರ’ ಅಂದ ಜಂಬಣ್ಣ. ‘ಆ ರಸದ ಹೆಸರೇನು?’

‘ಜಾಸ್ಮೋನೇಟ್ ಅಂತ. ಮಲ್ಲಿಗಿ ಹೂವಿನ ವಾಸನಿಯೊಳಗ ಮೊದಲು ಸಿಕ್ಕಿದ್ದು ಅದು.’

ಜಂಬಣ್ಣನ ಹುಬ್ಬು ಮ್ಯಾಲ ಹೋತು. ಹುಳ ಕಡಿಯಾಕತ್ತಿದ್ರ ಈ ಗಿಡ ಮಲ್ಲಿಗಿ ಮುಡಕೊಂಡು ನಿಂತದ, ಯಾರಿಗೆ ಕಾಯಾಕತ್ತದ ಹಂಗಾರ? ಆಮ್ಯಾಲ ಅಂವ ಆ ಪ್ರಶ್ನಿ ಕೇಳಿದ. ಕೇಳಬಾರದಿತ್ತು.

‘ಯವ್ವಾ, ಆ ವಾಸನಿ ಬಾಜು ಗಿಡಕ್ಕೂ ಗೊತ್ತಾಗ್ತದೇನು?’

‘ಗೊತ್ತಾಗ್ತದ ಮಾಮಾ. ಬಾಜು ಗಿಡ ಕಡಿಸಿಕೊಳ್ಳದನ ಎಚ್ಚರ ಆಗ್ತದ.’

‘ಬಾಜು ಹೊಲಕ್ಕ?’

ವಿಜಯಶ್ರೀ ನಳಿಗಿ ಬಿಚ್ಚಾಕತ್ತಿದ್ಳು. ‘ಬಾಳ ದೂರ ಹೋಗಂಗಿಲ್ಲ. ಗಾಳಿ ಆ ಕಡಿ ಇದ್ರ ಅಂಚಿನ ಗಿಡಕ್ಕ ಮುಟ್ಟಬಹುದೇನೋ, ನೋಡಬೇಕು’ ಅಂದ್ಳು. ಜಂಬಣ್ಣನ ಕಿವಿಯೊಳಗ ‘ಮುಟ್ಟಬಹುದು’ ಅಷ್ಟ ಉಳಿತು. ‘ದೂರ ಹೋಗಂಗಿಲ್ಲ’ ಅನ್ನೋದೂ ‘ಏನೋ’ ಅನ್ನೋದೂ ಬದುವಿನ ಮ್ಯಾಲ ಬಿದ್ದು ಇರುವಿ ಒಯ್ದವು.

ಆಕಿ ಇನ್ನೂ ಒಂದು ಮಾತು ಹೇಳಿದ್ಳು. ಹಿಂಗ ತಯಾರಾಗೋದು ಗಿಡಕ್ಕ ಪುಕ್ಕಟಿ ಅಲ್ಲ, ಕಾಳಿಗೆ ಹೋಗೋ ಶಕ್ತಿ ಒಂದೀಟು ಈ ಕಾವಲಿಗೆ ಹೋಗ್ತದ ಅಂತ. ಆ ಮಾತಂತೂ ಜಂಬಣ್ಣನ ಎದಿಯಾಗ ಕಲ್ಲು ಹಾಕಿದಂಗಾತು. ಹುಳ ಕಡಿಸಿಕೊಳ್ಳೋದು ನನ್ನ ಗಿಡ, ಖರ್ಚು ಮಾಡೋದು ನನ್ನ ಗಿಡ, ಸುದ್ದಿ ಬಿಟ್ಟಿ ಕೇಳಿ ಎಚ್ಚರ ಆಗಿ ಕಾಳು ಕಟ್ಟೋದು ಗುಡುಸಾಬನ ಗಿಡ!

ವಿಜಯಶ್ರೀ ರಾಯಚೂರಿಗೆ ಹೋದ್ಳು. ಜಂಬಣ್ಣನ ನಿದ್ದಿನೂ ಆಕಿ ಜೊತಿಗೆ ಬಸ್ ಹತ್ತಿತು.

ಮರುದಿನದಿಂದ ಅಂವ ಬದುವಿನ ಮ್ಯಾಲ ಹೊಟ್ಟಿ ಹಚ್ಚಿ ಮಲಗಿ ಎರಡೂ ಕಡಿ ನೋಡಾಕತ್ತಿದ. ತನ್ನ ಸಾಲಿನಾಗ ಎಲಿ ತೂತು ಕಾಣಿಸ್ತು. ಗುಡುಸಾಬನ ಸಾಲಿನಾಗ ಅಷ್ಟು ಕಾಣಿಸಲಿಲ್ಲ. ಅಂವ ತನ್ನ ಕಡಿ ಮೂಗು ಹಚ್ಚಿ ನೋಡಿದ್ದ, ಅವನ ಕಡಿ ದೂರದಿಂದ ನೋಡಿದ್ದ ಅನ್ನೋದು ಬ್ಯಾರೆ ಮಾತು. ಗಾಳಿ ಯಾವ ಕಡಿ ಅಂತ ನೋಡಾಕ ಬೀಡಿ ಹಚ್ಚಿ ಹೊಗಿ ಬಿಟ್ಟ. ಹೊಗಿ ಸೀದಾ ಗುಡುಸಾಬನ ಹೊಲಕ್ಕ ಹೋತು. ಮಧ್ಯಾಹ್ನಕ್ಕ ಗಾಳಿ ತಿರುಗಿ ಹೊಗಿ ತನ್ನ ಮಾರಿಗೆ ಬಂದಾಗ ಅದನ್ನ ಲೆಕ್ಕಕ್ಕ ಹಿಡಿಲಿಲ್ಲ.

ಹಕ್ಕಿ ಕೂಡ್ಲಿ ಅಂತ ಇಬ್ಬರೂ ಹೊಲದಾಗ ಕವಲು ಗೂಟ ನೆಟ್ಟಿದ್ರು. ಒಂದು ಕಾಜಾಣ ಇವನ ಗೂಟದಿಂದ ಹಾರಿ ಅವನ ಗೂಟದ ಮ್ಯಾಲ ಕುಂಡ್ರತಿತ್ತು, ಬಾಲ ಅಲ್ಲಾಡಿಸಿ ಏನೋ ಅಂತಿತ್ತು, ಮತ್ತ ಇಲ್ಲಿಗೆ ಬರ್ತಿತ್ತು. ‘ಸರಕಾರಿ ಟಪಾಲಿನವನೂ ಹಿಂಗ ದಿನಾ ಬರಂಗಿಲ್ಲ’ ಅಂತ ಜಂಬಣ್ಣ ಹಲ್ಲು ಕಡಿದ.

ಗುಡುಸಾಬನ ಹೆಂಡತಿ ಮುನವ್ವರ್ ಬೀ ಪ್ರತಿವರ್ಷದಂಗ ಉಡಿ ಕಟ್ಟಿಕೊಂಡು ಕಡ್ಲಿ ಕುಡಿ ಚಿವುಟಾಕ ಬಂದ್ಳು. ಎಳಿ ಕುಡಿ ಚಿವುಟಿದ್ರ ಗಿಡಕ್ಕೂ ಚಲೋ, ಪಕ್ಕದ ಟೊಂಗಿ ಒಡಿತಾವ. ತುದಿಯೊಳಗ ಇನ್ನೊಂದು ಹಾರ್ಮೋನು ಕುಂತು ಬಾಜು ಟೊಂಗಿಗೆ ಏಳಬ್ಯಾಡ ಅಂತ ಹೆದರಿಸ್ತಿರ್ತದ, ತುದಿ ಹೋದ್ರ ಅದರ ಗೌಡಿಕಿ ಹೋತು ಅಂತ ವಿಜಯಶ್ರೀನೂ ಹೇಳಿದ್ಳು. ಎರಡೂ ಹೊಲದಾಗ ಚಿವುಟೋದು, ಪಲ್ಯ ಮಾಡೋದು, ಅರ್ಧ ಚನ್ನಮಲ್ಲಮ್ಮನ ಮನಿಗೆ ಕಳಿಸೋದು, ಇದು ಆ ಎರಡು ಮನಿ ಪದ್ಧತಿ.

‘ಬೀ, ಈ ಕಡಿ ಚಿವುಟಬ್ಯಾಡ್ರಿ’ ಅಂದ ಜಂಬಣ್ಣ.

‘ಯಾಕ ಭೈ? ಔಷಧ ಹೊಡದೀರೇನು?’

‘ಇಲ್ಲ. ಚಿವುಟಿದ್ರ ಗಿಡ ಕೂಗ್ತದ.’

ಮುನವ್ವರ್ ಬೀ ಒಂದು ಕುಡಿ ಚಿವುಟಿ ಕಿವಿ ಹತ್ತಿರ ಹಿಡಿದ್ಳು. ‘ಅಲ್ಲಾ! ಏನೂ ಕೇಳವಲ್ದು.’

‘ನಮಗ ಕೇಳಂಗಿಲ್ಲ. ನಿಮ್ಮ ಕಡ್ಲಿಗೆ ಕೇಳ್ತದ.’

ಆಕಿ ಮೊದಲು ನಕ್ಕಳು. ನಗು ಅರ್ಧಕ್ಕ ಬಂದಾಗ ತಿಳೀತು, ಇಂವ ತನಗ ಏನೋ ಅನ್ನಾಕತ್ತಾನ ಅಂತ. ಉಡಿ ಬಿಚ್ಚಿದ್ಳು, ಚಿವುಟಿದ್ದ ಕುಡಿ ಎಲ್ಲಾ ಬದುವಿನ ಮ್ಯಾಲ ಸುರುವಿದ್ಳು. ‘ತಗೋ ಭೈ, ನಿನ್ನ ಕಡ್ಲಿ ನಿನಗ. ಇಷ್ಟು ವರ್ಷ ನಿಮ್ಮನಿಗೆ ಪಲ್ಯ ಕಳಿಸಿದ್ದು ನಾನಲ್ಲ, ಕಳ್ಳಿ ಅಂತ ತಿಳ್ಕೋ’ ಅಂತ ಹೇಳಿ ಹಿಂದ ನೋಡದ ಹೋದ್ಳು.

ಜಂಬಣ್ಣಗ ಒಂದೀಟು ಚುರ್ ಅಂತು. ಆದ್ರ ಸಂಶಯಕ್ಕ ಚುರ್ ಅಂದ್ರೂ ಸಾಕ್ಷಿ ಆಗಿ ಕಾಣ್ತದ: ಏನೂ ಇಲ್ಲದಿದ್ರ ಇಷ್ಟು ಸಿಟ್ಟು ಯಾಕ ಬರ್ತದ?

ಆಮ್ಯಾಲ ಅಂವ ಸೀರಿ ಕೂಡಿಸಾಕ ಹೊಂಟ. ನಮ್ಮ ಕಡಿ ಹಂದಿ ಬರಬಾರದಂತ ಹೊಲದ ಸುತ್ತ ಹಳಿ ಸೀರಿ ಕಟ್ಟೋದು ಹೊಸದಲ್ಲ. ಆದ್ರ ಜಂಬಣ್ಣ ಕಟ್ಟಿದ್ದು ಹಂದಿಗಲ್ಲ, ವಾಸನಿಗೆ. ಮಾನ್ವಿ ಸಂತಿಯೊಳಗಿನ ಹಳಿ ಸೀರಿ ಮುಗಿಸಿದ, ಮಟಮಾರಿ, ಗಿಲ್ಲೆಸುಗೂರು ಬೀಗರ ಮನಿಗೆ ಹೋಗಿ ಅವರ ಟ್ರಂಕು ಖಾಲಿ ಮಾಡಿಸಿದ. ಗಿಲ್ಲೆಸುಗೂರಿನ ಬೀಗತಿ ಒಬ್ಬಾಕಿ ಉಟ್ಟ ಸೀರಿ ಮ್ಯಾಲ ಅವನ ಕಣ್ಣು ಬಿದ್ದದ್ದು ನೋಡಿ ಒಳಗ ಹೋಗಿ ಅಗಳಿ ಹಾಕಿಕೊಂಡ್ಳಂತ. ನೆಲಕ್ಕ ಹತ್ತಿಸಿ, ಎರಡು ಪದರು ಮಾಡಿ, ದಬ್ಬಣದಿಂದ ಹೊಲಿದು, ನಾಲ್ಕೂ ಕಡಿ ಗೋಡಿ ಎಬ್ಬಿಸಿದ. ಕೆಂಪು, ಹಸರು, ಬದನಿಕಾಯಿ ಬಣ್ಣ, ಜರಿ ಅಂಚು. ಚೀಕಲಪರ್ವಿ ಬಸ್ಸಿನ ಡ್ರೈವರ್ ಅದನ್ನ ನೋಡಿ ಯಾರದೋ ಮದುವಿ ಅಂತ ಬಸ್ ನಿಲ್ಲಿಸಿ, ಪ್ಯಾಸೆಂಜರ್ ಎಲ್ಲಾ ಇಳಿದು ಕೈಕಾಲು ತೊಳಕೊಂಡು ಊಟಕ್ಕ ಕುಂತಿದ್ರಂತ. ಹಕ್ಕಿ ಗೂಟ ಕಿತ್ತ. ಅವು ಕುಂಡ್ರೋ ಜಾಗಾದಾಗ ಗಾಳಿಗೆ ಫಳಫಳ ಹೊಳೆಯೋ ರಿಬ್ಬನ್ನು ಕಟ್ಟಿದ. ಕಾಜಾಣ ಒಂದು ಸುತ್ತು ಹಾಕಿ, ‘ಇಲ್ಲಿ ಯಾರಿಗೋ ಹುಚ್ಚು ಹಿಡದದ’ ಅಂದಂಗ ಕೂಗಿ ಗುಡುಸಾಬನ ಕಡಿ ಹೋತು.

ಚನ್ನಮಲ್ಲಮ್ಮ ಬಂದು ಗೋಡಿ ನೋಡಿದ್ಳು. ‘ಇದು ನನ್ನ ಧಾರಿ ಸೀರಿ ಅಲ್ಲೇನು?’

‘ಅಂಚು ಗಟ್ಟಿ ಇತ್ತು.’

‘ನಾಳೆ ಇದರಾಗ ಹಂದಿ ಸಿಕ್ಕೊಂಡ್ರ ಅದಕ್ಕ ತಾಳಿ ಕಟ್ಟು. ಅದು ಎತ್ತರ ಅದನೋ ಗಿಡ್ಡ ಅದನೋ ಅಂತ ಮೊದಲ ನೋಡ್ಕೋ’ ಅಂತ ಹೇಳಿ ಹೋದ್ಳು.

ಅವತ್ತು ಸಂಜಿ ಹೊತ್ತು ಮುಳುಗೋಕಿಂತ ಮುಂಚೆ ಗುಡುಸಾಬ ಬಂದ. ಸೀರಿ ಆ ಕಡಿಯಿಂದನ ಕರೆದ. ‘ಜಂಬಣ್ಣ, ನಾಳೆ ನನ್ನ ಹೊಲದ ಸಾಲಿನ ನಡುವ ಕುಂಟಿ ಹಾಯಿಸಿ ಎಡಿ ಹೊಡಿಬೇಕು, ಕಸ ಎದ್ದದ. ಕೆಂದನ್ನ ಬಿಡು.’

‘ಕೆಂದಗ ಹುಷಾರಿಲ್ಲ.’

‘ಅರೇ, ಈಗ ನೋಡಿ ಬಂದೆ, ಬಾಳ ಚಲೋ ಮೇಯಾಕತ್ತದ.’

‘ನನ್ನ ಕೇಳದ ಯಾಕ ನೋಡಿದಿ?’

ಗುಡುಸಾಬ ಸೀರಿ ಸರಿಸಿ ಮಾರಿ ಒಳಗ ಹಾಕಿದ. ಹಸರು ಸೀರಿ ನಡುವ ಅವನ ಬಿಳಿ ಗಡ್ಡ ಕೋಸುಗಡ್ಡಿಯಂಗ ಕಾಣಾಕತ್ತಿತ್ತು. ‘ಮುನವ್ವರ್ ಎಲ್ಲಾ ಹೇಳ್ಯಾಳ. ನಿನ್ನ ಕಡ್ಲಿ ಮಾತು ನನ್ನ ಕಡ್ಲಿ ಕದ್ದು ಕೇಳ್ತದ ಅಂತೀಯಂತ. ಭೈ, ನನ್ನ ಕಡ್ಲಿ ಕಿವುಡದ, ಬಿತ್ತಿದ ದಿನದಿಂದ ನನ್ನ ಒಂದು ಮಾತೂ ಕೇಳಿಲ್ಲ.’

ಜಂಬಣ್ಣ ನಗಲಿಲ್ಲ.

‘ಹಂಗಾರ ಎತ್ತಿನ ಮ್ಯಾಲೂ ಸಂಶಯನೇನು? ನೊಗದಾಗ ಬಿಳಿಯ ನಿನ್ನ ಕೆಂದನ ಕಿವಿಯೊಳಗ ಏನಾರ ಊದ್ತದ ಅಂತ?’

‘ಆ ಮಾತು ನಿನಗ ಹ್ಯಾಂಗ ಹೊಳೀತು?’ ಅಂದ ಜಂಬಣ್ಣ.

ಗುಡುಸಾಬನ ಮಾರಿ ಸೀರಿಯಿಂದ ಹಿಂದ ಸರೀತು. ಧ್ವನಿ ಮಾತ್ರ ಬಂತು, ಚಾಷ್ಟಿ ಇಲ್ಲದ ಧ್ವನಿ. ‘ಜೋಡಿ ಇಲ್ಲದ ಎತ್ತು ಕಟ್ಟಿ ನಾ ಏನ್ ಮಾಡ್ಲಿ. ಬರೋ ತಿಂಗಳ ಸಂತಿಗೆ ಬಿಳಿಯನ್ನ ದೇವದುರ್ಗಕ್ಕ ಒಯ್ತೀನಿ. ಹೋದ್ರ ಹೋತು.’

‘ಒಯ್ಯಿ’ ಅಂದ ಜಂಬಣ್ಣ. ಅಂದ ಮ್ಯಾಲ ಲೆಕ್ಕ ಹಾಕಿದ. ಬಿಳಿಯ ಹೋದ್ರ ಕೆಂದ ಒಂಟಿ. ಒಂಟಿ ಎತ್ತಿಗೆ ನೊಗ ಇಲ್ಲ, ಗಾಡಿ ಇಲ್ಲ, ಗುಡುಸಾಬನೂ ಇಲ್ಲ. ಲೋಕದಾಗ ನಂಬಿದ್ದು ಒಬ್ಬನ್ನ, ಅವನೂ ಹೋದ್ರ ಇನ್ನ ಸಂಶಯ ಮಾಡಾಕಾದ್ರೂ ಯಾರ ಜೊತಿ ಮಾತಾಡಬೇಕು?

ಆದ್ರೂ ಸೀರಿ ಬಿಚ್ಚಲಿಲ್ಲ. ಬಾನಿಯ ಬಲಗಡಿ ನೀರು ಹಂಗ ಉಳೀತಿತ್ತು, ಅದನ್ನ ದಿನಾ ಚೆಲ್ಲಿದ.

ಸೀರಿ ಗೋಡಿಯೊಳಗ ಹುಳ ಬಂದವು. ಬಂದವು ಅಂದ್ರ ಹ್ಯಾಂಗ, ಹಬ್ಬಕ್ಕ ಬಂದಂಗ ಬಂದವು. ಪತಂಗ ಸಂಜಿ ಮುಂದ ಸೀರಿ ಮ್ಯಾಲಿಂದ ಹಾರಿ ಬಂದು ತತ್ತಿ ಇಟ್ಟು ಹೋಗ್ತಿದ್ದವು, ಜಂಬಣ್ಣ ಬಾಗಿಲು ಕಾಯಾಕತ್ತಿದ್ದ, ಅವು ಮಾಳಿಗಿ ಮ್ಯಾಲಿಂದ ಇಳದವು. ಹಸರು ಹುಳ ಕಾಯಿಯೊಳಗ ತಲಿ ಹಾಕಿ ಅರ್ಧ ಮೈ ಹೊರಗ ಬಿಟ್ಟು, ಹೋಟೆಲಿನಾಗ ಕುಂತಂಗ ಕುಂತು ತಿಂದವು. ಜಂಬಣ್ಣ ಮೊದಲು ಗುಡುಸಾಬ ಹುಳ ಹಿಡಿದು ಒಳಗ ಒಗದಾನ ಅಂದ್ಕೊಂಡ. ಎರಡು ದಿನ ಕಾದ. ಗುಡುಸಾಬ ಆ ಕಡಿ ಹಾಯಲಿಲ್ಲ. ಆಮ್ಯಾಲ ಬಸ್ ಡ್ರೈವರ್ ಮ್ಯಾಲ ಸಂಶಯ ಬಂತು. ಆಮ್ಯಾಲ ವಿಜಯಶ್ರೀ ಮ್ಯಾಲ. ಆಕಿಗೆ ಫೋನ್ ಹಚ್ಚಿ, ‘ನೀ ಆವತ್ತು ಖಾಲಿ ಚೀಲ ಒಯ್ದಿ ಅಂದ್ಕೊಂಡಿದ್ದೆ, ಏನಾರ ಬಿಟ್ಟು ಹೋಗೀಯೇನು?’ ಅಂದ.

ಸಂತಿ ದಿನ ಮುಂಜಾನಿನ ವಿಜಯಶ್ರೀ ಬಂದ್ಳು. ಸೀರಿ ನೋಡಿ ಬಾಯಿ ಮ್ಯಾಲ ಕೈ ಇಟ್ಕೊಂಡ್ಳು. ಯಾಕ ಕಟ್ಟೀನಿ ಅಂತ ಜಂಬಣ್ಣ ಪೂರಾ ಹೇಳಿದ. ಹೇಳ್ತಾ ಹೇಳ್ತಾ ಅವನಿಗೇ ಅದು ಒಂದೀಟು ಪೊಳ್ಳು ಕೇಳಿಸ್ತು, ಆದ್ರ ಅರ್ಧಕ್ಕ ನಿಲ್ಲಿಸಾಕ ಮನಸ್ಸು ಬರಲಿಲ್ಲ.

ವಿಜಯಶ್ರೀ ನಗಲಿಲ್ಲ. ‘ತಪ್ಪು ನಂದೂ ಅದ ಮಾಮಾ. ಮುಟ್ಟಬಹುದು ಅಂತ ಸುಮ್ಮನ ಅಂದು ಹೋದೆ. ನಾ ಅಳೆದದ್ದು ಗೇಣು ದೂರದ ಮಾತು. ಬದು ದಾಟ್ತದೋ ಇಲ್ಲೋ ನನಗ ಇನ್ನೂ ಗೊತ್ತಿಲ್ಲ’ ಅಂದ್ಳು.

‘ಹಂಗಾರ ಈ ಹುಳ ಸೀರಿಯಿಂದ ಬಂದವೇನು?’

‘ಅದೂ ಗೊತ್ತಿಲ್ಲ. ಸೀರಿಯಿಂದ ಕಣಜಕ್ಕ ವಾಸನಿ ಮುಟ್ಟಲಿಲ್ಲೋ, ರಿಬ್ಬನ್ನಿಗೆ ಹೆದರಿ ಹಕ್ಕಿ ಬರಲಿಲ್ಲೋ, ಸುಮ್ಮನ ನಿಮ್ಮ ನಸೀಬೋ. ಸಂಶಯ ಪಡಬೇಕು ಮಾಮಾ, ಅದ ನಮ್ಮ ಕೆಲಸನೂ. ಆದ್ರ ನೀವು ಒಂದ ಕಡಿ ಸಂಶಯ ಪಟ್ಟೀರಿ. ನಿಮ್ಮ ಹೊಲ ಮೂಗು ಹಚ್ಚಿ ನೋಡೀರಿ, ಗುಡುಸಾಬ ಕಾಕಾನ ಹೊಲ ಬದುವಿನ ಮ್ಯಾಲಿಂದ ನೋಡೀರಿ. ಬರ್ರಿ, ಅದನ್ನೂ ಮೂಗು ಹಚ್ಚಿ ನೋಡೋಣ.’

ಈ ಮಾತು ಜಂಬಣ್ಣಗ ಹಿಡಿಸ್ತು. ಜೀವನದಾಗ ಮೊದಲ ಸಲ ಯಾರೋ ಅವನಿಗೆ ಸಂಶಯ ಬಿಡು ಅನ್ನಲಿಲ್ಲ, ಇನ್ನೊಂದೀಟು ಪಡು ಅಂದ್ರು.

ಬದು ದಾಟಿ ಇಬ್ಬರೂ ಗುಡುಸಾಬನ ಸಾಲಿನಾಗ ಕುಂತ್ರು. ಎಲಿ ತಿರುವಿ ನೋಡಿದ್ರು. ತೂತು ಇದ್ದವು. ಬದುವಿನ ಅಂಚಿಗೂ ಇದ್ದವು, ನಡು ಹೊಲದಾಗೂ ಇದ್ದವು, ಜಂಬಣ್ಣನ ಹೊಲದಾಗ ಮೊದಲು ಇದ್ದಷ್ಟ ಇದ್ದವು. ಸುದ್ದಿ ಕದ್ದು ಕೇಳಿದ ಗಿಡಕ್ಕ ಹಿಂಗ ತೂತು ಬೀಳಬಾರದಿತ್ತು. ಒಂದು ಎಲಿ ಕೆಳಗ ಬತ್ತಿ ಹೋದ ಹುಳದ ಚರ್ಮ, ಅದರ ಬಾಜು ಅಕ್ಕಿ ಕಾಳಿಗಿಂತ ಸಣ್ಣ ಒಂದು ಗೂಡು. ಕಣಜದ್ದು ಅಂದ್ಳು ವಿಜಯಶ್ರೀ. ಒಂದು ಗೂಟದ ಬುಡಕ್ಕ ಹುಳದ ತಲಿ ಉದುರಿ ಬಿದ್ದಿದ್ದವು, ಅದು ಹಕ್ಕಿ ಕೆಲಸ. ಕಣಜಕ್ಕೂ ಹಕ್ಕಿಗೂ ಒಂದು ಹುಳದ ಮ್ಯಾಲ ಜಗಳ ನಡೀತದ, ಆ ಜಗಳದಾಗ ಗುಡುಸಾಬನ ಕಡ್ಲಿ ಉಳದದ. ಜಂಬಣ್ಣ ಇಬ್ಬರನ್ನೂ ಹೊರಗ ಹಾಕಿ ಹುಳದ ಜೊತಿ ಒಳಗ ಕುಂತಿದ್ದ.

ಜಂಬಣ್ಣ ಇನ್ನೂ ಒಂದು ಸಾಲು ಪೂರಾ ನೋಡಿದ, ಏನಾರ ಕಳ್ಳಾಟ ಸಿಕ್ಕೀತು ಅಂತ. ಸಿಕ್ಕಿದ್ದು ಕಸ. ಎಡಿ ಹೊಡಿದಿಲ್ಲ, ಕಸ ಮೊಣಕಾಲು ಮಟ ಎದ್ದದ. ಕೆಂದನ್ನ ಬಿಟ್ಟಿದ್ರ ಹಿಂಗ ಏಳ್ತಿರಲಿಲ್ಲ.

ಬೇಲಿ ಹತ್ತಿರ ಮುನವ್ವರ್ ಬೀ ನಿಂತಿದ್ಳು. ಜಂಬಣ್ಣ ಎದ್ದು ನಿಂತ. ‘ಗುಡುಸಾಬ ಎಲ್ಲಿ?’

‘ಮುಂಜಾನಿ ಹೊತ್ತು ಏಳೋವಾಗ ಗೂಡ್ಸ್ ಟೆಂಪೋದಾಗ ಬಿಳಿಯನ್ನ ಏರಿಸಿಕೊಂಡು ಹೋದ್ರು. ದೇವದುರ್ಗಕ್ಕ’ ಅಂದ್ಳು ಆಕಿ. ‘ಎತ್ತು ಏರವಲ್ದಾಗಿತ್ತು. ಹಿಂದ ಹಿಂದ ನಿಮ್ಮನಿ ಕಡಿ ನೋಡ್ತಿತ್ತು. ಈಗ ನಮ್ಮ ಹೊಲದಾಗ ಏನ್ ಹುಡುಕಾಕತ್ತೀರಿ? ಇನ್ನೇನು ಕದ್ದೀವಿ?’

ಜಂಬಣ್ಣ ಟವೆಲ್ಲು ಹೆಗಲಿಗೆ ಹಾಕಿ ದಾರಿಗೆ ಓಡಿದ.

ಅವತ್ತು ಅಂವ ಹೋದ ರೀತಿ ನೋಡಿದವರು ಇನ್ನೂ ಹೇಳ್ತಾರ. ಮಾನ್ವಿಯಾಗ ‘ಬಸ್ಸು ದೇವದುರ್ಗ ಹೋಗ್ತದೇನು’ ಅಂತ ಕಂಡಕ್ಟರ್ನ ಕೇಳಿದ, ನಂಬಲಾರದ ಡ್ರೈವರ್ನ ಕೇಳಿದ, ಡ್ರೈವರ್ನೂ ನಂಬಲಾರದ ಕಿಟಕಿಯಾಗ ಕುಂತ ಮುದುಕಿಗೆ ಕೇಳಿದ. ಮುದುಕಿ, ‘ನಾ ಅಲ್ಲಿಗೆ ಹೊಂಟೀನಿ, ಬಸ್ಸು ಎಲ್ಲಿಗೆ ಹೋಗ್ತದೋ ಅದಕ್ಕ ಕೇಳು’ ಅಂದ್ಳು. ಚಳಿಗಾಲ ಇದ್ರೂ ದಾರಿಯಾಗ ಬಿಸಿಲು ಹೆಂಗಿತ್ತಂದ್ರ ಸಿರವಾರದ ಹತ್ತಿರ ಡಾಂಬರ್ ಕರಗಿ ಬಸ್ಸಿನ ಗಾಲಿಗೆ ಹತ್ತಿ, ಬಸ್ಸು ಹಿಂದ ಒಂದು ಫರ್ಲಾಂಗು ರಸ್ತಾ ಎಳಕೊಂಡು ಬಂತಂತ.

ದನದ ಸಂತಿ ತುಂಬಿತ್ತು. ನಮ್ಮ ಕಡಿ ಎತ್ತಿನ ವ್ಯಾಪಾರ ಬಾಯಿಂದ ಆಗಂಗಿಲ್ಲ. ಮಾರಾವ, ಕೊಳ್ಳಾವ ಇಬ್ಬರೂ ಟವೆಲ್ಲಿನ ಕೆಳಗ ಕೈ ಕೂಡಿಸಿ ಬೆರಳು ಹಿಡಿದು ಬೆಲಿ ಹೇಳ್ತಾರ, ನೋಡೋ ಮಂದಿಗೆ ಬರೇ ಟವೆಲ್ಲು ಅಲ್ಲಾಡೋದು ಕಾಣ್ತದ. ಒಂದು ಜಾಲಿ ನೆರಳಾಗ ಬಿಳಿಯ ನಿಂತಿತ್ತು, ಬಲಕ್ಕ ಸರಿದು, ಎಡಗಡಿ ಒಂದು ಎತ್ತಿನಷ್ಟು ಜಾಗ ಬಿಟ್ಟು. ಅದರ ಮುಂದ ಗುಡುಸಾಬ. ಅವನ ಕೈ ಒಬ್ಬ ಪೇಟದ ವ್ಯಾಪಾರಿ ಟವೆಲ್ಲಿನ ಕೆಳಗ. ವ್ಯಾಪಾರಿ ಮಾರಿ ಮ್ಯಾಲ ಆಗಲೇ ಅರ್ಧ ನಗು ಬಂದಿತ್ತು.

ಜಂಬಣ್ಣ ಮಂದಿ ನೂಕಿ ಒಳಗ ಹೊಕ್ಕ. ತನ್ನ ಟವೆಲ್ಲು ತಗದು ಅವರ ಟವೆಲ್ಲಿನ ಮ್ಯಾಲ ಒಗದು, ಕೆಳಗ ಕೈ ಹಾಕಿದ. ಒಳಗ ಮೂರು ಕೈ ಆದವು. ವ್ಯಾಪಾರಿ ‘ಯಾರ್ಲೇ ಇದು!’ ಅಂತ ತನ್ನ ಕೈ ಎಳಕೊಂಡ. ಉಳಿದವು ಎರಡು.

ಜಂಬಣ್ಣ ಬೆರಳು ಹಿಡಿಲಿಲ್ಲ. ಅಂಗೈ ಪೂರಾ ಹಿಡಿದ.

ಗುಡುಸಾಬ ಸಂತಿ ವ್ಯಾಪಾರ ಬಾಳ ನೋಡಿದ ಮನುಷ್ಯ. ‘ಇದು ಯಾವ ಬೆಲಿ?’ ಅಂದ.

‘ಎತ್ತು ಮಾರಬ್ಯಾಡ.’

‘ಅದು ಬೆಲಿ ಅಲ್ಲ.’

‘ಹೊಲದಾಗ ಕಸ ಎದ್ದದ. ನಾಳೆ ಎಡಿ ಹೊಡಿಬೇಕು. ಮೊದಲು ನಿಂದು.’

ಗುಡುಸಾಬ ಕೈ ಬಿಡಿಸಿಕೊಳ್ಳಲಿಲ್ಲ, ಸಡಲನೂ ಬಿಡಲಿಲ್ಲ. ‘ಮುನವ್ವರ್ ಬರೇ ಅನ್ನ, ಸಾರು ಮಾಡಾಕತ್ತಾಳ. ಕಡ್ಲಿ ಪಲ್ಯ ಮಾಡೋದ ಬಿಟ್ಟಾಳ’ ಅಂದ. ‘ಈ ಮಂದಿ ಮುಂದ ಹೇಳು ಜಂಬಣ್ಣ. ನನ್ನ ಕಡ್ಲಿ ನಿನ್ನ ಕಡ್ಲಿಯಿಂದ ಏನೂ ಕದ್ದಿಲ್ಲ ಅಂತ ಹೇಳು.’

ಸುತ್ತ ದಲ್ಲಾಳಿ, ರೈತರು, ದನ, ಎಲ್ಲಾ ಈ ಕಡಿ ಕಿವಿ ತಿರುಗಿಸಿದ್ರು. ಸಂತಿಯೊಳಗ ಕಡ್ಲಿ ಕಳ್ಳತನದ ಪಂಚಾಯ್ತಿ ಅವರು ಎಂದೂ ಕೇಳಿರಲಿಲ್ಲ. ಜಂಬಣ್ಣ ಬೆವರು ಒರಿಸಿಕೊಂಡ. ಅವನ ಒಳಗ ಹುಟ್ಟಿದಾಗಿಂದ ಕುಂತಿದ್ದ ಸಂಶಯ ಹೂಂ ಅನ್ನಾಕ ಬಿಡಲಿಲ್ಲ.

‘ಅದು ಹೇಳಾಕ ಆಗಂಗಿಲ್ಲ ಗುಡುಸಾಬ’ ಅಂದ ಕಡೀಕ. ‘ನಿನ್ನ ಕಡ್ಲಿ ವಿಷಯ ಇನ್ನೂ ಪಕ್ಕಾ ಆಗಿಲ್ಲ. ನಮ್ಮ ವಿಜಯಶ್ರೀ ನೋಡಾಕತ್ತಾಳ. ಆಕಿಗೇ ಇನ್ನೂ ಸಂಶಯ ಅದ.’

ಗುಡುಸಾಬನ ಕೈ ಸಡಲ ಆಗಾಕ ಹತ್ತಿತು.

‘ಕಡ್ಲಿ ಮಾತು ಬಿಡು’ ಅಂದ ಜಂಬಣ್ಣ, ಕೈ ಇನ್ನೂ ಬಿಗಿ ಹಿಡಿದು, ಸಂತಿಗೆಲ್ಲಾ ಕೇಳೋವಂಗ. ‘ನೀ ಕದ್ದಿಲ್ಲ. ಮುನವ್ವರ್ ಬೀ ಕದ್ದಿಲ್ಲ. ಇದು ಪಕ್ಕಾ.’

ಗುಡುಸಾಬ ಟವೆಲ್ಲಿನ ಕೆಳಗಿಂದ ಕೈ ತಗದು, ಬಿಳಿಯನ ಹಗ್ಗ ಬಿಚ್ಚಿ, ಜಂಬಣ್ಣನ ಕೈಗೆ ಕೊಟ್ಟ.

‘ನೀ ಹಿಡ್ಕೋ’ ಅಂದ. ‘ನಾ ಊರಿಗೆ ಗಾಡಿ ನೋಡ್ತೀನಿ.’